ವೃಷಣ ತೆಗೆಸಿದರೆ ಯಾವ ಮಾತ್ರೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ?

ಪ್ರಶ್ನೆ: "ನಮಸ್ಕಾರ ಡಾಕ್ಟರ್. ನನಗೆ 31 ವರ್ಷ, ಟ್ರಾನ್ಸ್ ಮಹಿಳೆ. ಮೂರು ವರ್ಷದಿಂದ ಹಾರ್ಮೋನ್ ಚಿಕಿತ್ಸೆಯಲ್ಲಿದ್ದೇನೆ. ಈಗ ದಿನಕ್ಕೆ ಹೆಣ್ಣು ಹಾರ್ಮೋನಾದ ಈಸ್ಟ್ರಡಯಾಲ್ 4 ಮಿ.ಗ್ರಾಂ, ಟೆಸ್ಟೋಸ್ಟಿರಾನ್ ತಡೆಯಲು ಸ್ಪೈರೋನೋಲ್ಯಾಕ್ಟೋನ್ 200 ಮಿ.ಗ್ರಾಂ ನುಂಗುತ್ತೇನೆ. ಸ್ಪೈರೋ ಸಾಕಾಗಿಹೋಗಿದೆ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳಬೇಕು, ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಹೋದ ವಾರದ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.3, ಟೆಸ್ಟೋಸ್ಟಿರಾನ್ 140 ಬಂದಿದೆ. ವೃಷಣ ತೆಗೆಸಿಕೊಂಡ ಗೆಳತಿಯೊಬ್ಬಳು 'ಒಂದು ಗಂಟೆಯ ಆಪರೇಷನ್, ಮಾತ್ರೆಗಳ ಕಾಟವೇ ತಪ್ಪಿತು' ಎನ್ನುತ್ತಾಳೆ. ಇನ್ನೊಬ್ಬಳು 'ತೆಗೆಸಿದರೆ ಚೀಲ ಸುಕ್ಕಿಹೋಗಿ ಮುಂದೆ ಯೋನಿ ಮಾಡಿಸಲು ಚರ್ಮವೇ ಸಿಗುವುದಿಲ್ಲ, ದುಡುಕಬೇಡ' ಎನ್ನುತ್ತಾಳೆ. ಅಮ್ಮನಿಗೆ ವಿಷಯ ಗೊತ್ತು. ಬೀಜ ತೆಗೆಸಿದರೆ ಮೈಯ ಕಸುವೇ ಹೋಗುತ್ತದೆ, ಆಯಸ್ಸು ಕಡಿಮೆಯಾಗುತ್ತದೆ ಎಂದು ಅವರಿಗೆ ಭಯ. ಯೋನಿ ರಚಿಸುವ ಆ ವಜೈನೋಪ್ಲಾಸ್ಟಿ ಆಪರೇಷನ್ ಬೇಕೋ ಬೇಡವೋ ನಾನಿನ್ನೂ ತೀರ್ಮಾನಿಸಿಲ್ಲ. ಮಕ್ಕಳ ಬಗ್ಗೆ ಸರಿಯಾಗಿ ಯೋಚಿಸಿಲ್ಲ, ವೀರ್ಯವನ್ನೂ ಶೇಖರಿಸಿಟ್ಟಿಲ್ಲ. ದಿನಕ್ಕೆ ನಾಲ್ಕೈದು ಸಿಗರೇಟ್ ಸೇದುತ್ತೇನೆ. ಆ ಭಾಗ ಮೈಮೇಲೆ ಇರುವುದೇ ನನಗೆ ಹಿಂಸೆ ಎನ್ನುವುದೂ ನಿಜ. ತೆಗೆಸಲೇ?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸ್ಪೈರೋದ ಕಾಟದಿಂದ ಹೇಗೆ ಪಾರಾಗಲಿ ಎಂಬುದು ಒಂದು. ವೃಷಣ ನನ್ನ ಮೈಯಲ್ಲಿ ಇರಬೇಕೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆಪರೇಷನ್ ಅಲ್ಲದೆ ಬೇರೆ ದಾರಿಗಳೂ ಇವೆ. ಎರಡನೆಯದಕ್ಕೆ ಯಾವ ಮಾತ್ರೆ ಬದಲಿಸಿದರೂ ಉತ್ತರ ಸಿಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ತೂಗಿ ನೋಡಿದರೆ ನಿಮ್ಮ ತೀರ್ಮಾನ ಸುಲಭವಾಗುತ್ತದೆ.

ಅದಕ್ಕೂ ಮುಂಚೆ ಒಂದು ತುರ್ತು ಮಾತು. ನಿಮ್ಮ ಪೊಟ್ಯಾಸಿಯಂ 5.3 ಎಂಬುದನ್ನು ಹಾಗೇ ಬಿಡಬೇಡಿ. ಸಾಮಾನ್ಯ ಮಟ್ಟ 3.5ರಿಂದ 5.0. ಸ್ಪೈರೋ ಮೂಲತಃ ಮೂತ್ರ ಹೆಚ್ಚಿಸುವ ಮಾತ್ರೆ; ಸೋಡಿಯಂ ಮತ್ತು ನೀರನ್ನು ಹೊರಹಾಕಿ ಪೊಟ್ಯಾಸಿಯಂ ಅನ್ನು ಒಳಗೇ ಉಳಿಸಿಕೊಳ್ಳುವುದೇ ಅದರ ಕೆಲಸ. ರಾತ್ರಿ ಏಳುವುದು, ಎದ್ದಾಗ ಕಣ್ಣು ಕತ್ತಲೆ ಬರುವುದು, ಈ ಅಂಕಿ, ಮೂರಕ್ಕೂ ಮೂಲ ಒಂದೇ. ರಕ್ತ ತೆಗೆಯುವಾಗ ಕಣಗಳು ಒಡೆದರೂ ಪೊಟ್ಯಾಸಿಯಂ ಸುಳ್ಳಾಗಿ ಏರಿ ಕಾಣುತ್ತದೆ. ಹಾಗಾಗಿ ಈ ವಾರವೇ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಜೊತೆಗೆ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ನೋಡಿಸಿ, ಸ್ಪೈರೋ ಪ್ರಮಾಣ ಇಳಿಸುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಬೇಡ. ಟ್ರೈಮೆಥೋಪ್ರಿಮ್ ಇರುವ ಆಂಟಿಬಯೋಟಿಕ್ ಬೇಡ. ಸೋಡಿಯಂ ಕಡಿಮೆ ಎಂದು ಮಾರುವ, ಪೊಟ್ಯಾಸಿಯಂ ತುಂಬಿದ ಉಪ್ಪೂ ಬೇಡ. ಮಟ್ಟ 5.5 ದಾಟಿದರೆ ಸಾಮಾನ್ಯವಾಗಿ ಮಾತ್ರೆಯನ್ನೇ ನಿಲ್ಲಿಸುತ್ತಾರೆ. 6ರ ಮೇಲೆ ಹೋದರೆ ಹೃದಯದ ಬಡಿತ ತಪ್ಪುವ ಅಪಾಯವಿದೆ, ಅದು ಆಸ್ಪತ್ರೆಗೆ ಓಡುವ ವಿಷಯ.

ಇನ್ನು ಟೆಸ್ಟೋಸ್ಟಿರಾನ್ 140. ಇದನ್ನು ನೋಡಿ "ಸ್ಪೈರೋ ಕೆಲಸವೇ ಮಾಡುತ್ತಿಲ್ಲ" ಎಂದು ಬಹಳ ಮಂದಿ ಎದೆಗುಂದುತ್ತಾರೆ. ಸ್ಪೈರೋ ಮುಖ್ಯವಾಗಿ ಟೆಸ್ಟೋಸ್ಟಿರಾನ್ ಹೋಗಿ ಕೂರುವ ಜಾಗವನ್ನು ಅಡ್ಡಗಟ್ಟುತ್ತದೆ. ತಯಾರಿಕೆಯನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಬಾಗಿಲಿಗೆ ಬೀಗ ಹಾಕಿದೆ, ಹೊರಗಿನ ಗುಂಪು ಹಾಗೇ ಇದೆ ಎಂದುಕೊಳ್ಳಿ. ರಕ್ತ ಪರೀಕ್ಷೆ ಎಣಿಸುವುದು ಆ ಗುಂಪನ್ನು. ಸಾಮಾನ್ಯವಾಗಿ ನಾವು ಗುರಿಯಿಡುವುದು ಟೆಸ್ಟೋಸ್ಟಿರಾನ್ ಪ್ರತಿ ಡೆಸಿಲೀಟರ್‌ಗೆ 50 ನ್ಯಾನೋಗ್ರಾಂ ಒಳಗೆ, ಈಸ್ಟ್ರಡಯಾಲ್ ಪ್ರತಿ ಮಿಲಿಲೀಟರ್‌ಗೆ 100ರಿಂದ 200 ಪಿಕೋಗ್ರಾಂ. ನಿಮ್ಮ ಈಸ್ಟ್ರಡಯಾಲ್ ಅಂಕಿಯನ್ನು ನೀವು ಬರೆದಿಲ್ಲ. ಅದು ಬೇಕೇ ಬೇಕು, ಯಾಕೆಂದರೆ "ಕೆಲಸ ಮಾಡು" ಎಂದು ಮೆದುಳಿನಿಂದ ವೃಷಣಕ್ಕೆ ಹೋಗುವ ಆಜ್ಞೆಯನ್ನು ತಗ್ಗಿಸುವುದು ಸಾಕಷ್ಟಿರುವ ಈಸ್ಟ್ರಡಯಾಲ್. ಒಂದು ಸಣ್ಣ ಎಚ್ಚರಿಕೆ: ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಕೆಲವು ಲ್ಯಾಬ್ ಯಂತ್ರಗಳಲ್ಲಿ ಈ ಎರಡೂ ಹಾರ್ಮೋನುಗಳು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತವೆ. ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ಅದನ್ನು ಬಿಟ್ಟಿರಿ.

ತೆಗೆದರೆ ಏನಾಗುತ್ತದೆ, ಏನಾಗುವುದಿಲ್ಲ

ದೇಹದ ಟೆಸ್ಟೋಸ್ಟಿರಾನ್‌ನಲ್ಲಿ ಸುಮಾರು ಶೇ 95ರಷ್ಟು ವೃಷಣಗಳಲ್ಲೇ ತಯಾರಾಗುತ್ತದೆ. ಉಳಿದದ್ದು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಬರುತ್ತದೆ. ಎರಡೂ ವೃಷಣ ತೆಗೆದ ಒಂದೆರಡು ದಿನದಲ್ಲೇ ಮಟ್ಟ 50ರ ಕೆಳಗೆ ಕುಸಿಯುತ್ತದೆ, ಮತ್ತೆ ಏರುವುದಿಲ್ಲ. ಅಲ್ಲಿಗೆ ಸ್ಪೈರೋದಂಥ ತಡೆಮಾತ್ರೆಯ ಅಗತ್ಯ ಮುಗಿಯಿತು. ನಿಮ್ಮ ಗೆಳತಿ ಹೇಳಿದ್ದರಲ್ಲಿ ನಿಜವಿರುವುದು ಇಷ್ಟು.

ಆದರೆ "ಮಾತ್ರೆಗಳ ಕಾಟವೇ ತಪ್ಪಿತು" ಎಂಬುದು ಅರ್ಧ ಮಾತ್ರ. ನಿಲ್ಲುವುದು ಸ್ಪೈರೋ. ಈಸ್ಟ್ರಡಯಾಲ್ ನಿಲ್ಲುವುದಿಲ್ಲ, ಬದಲಿಗೆ ಅದರ ಹೊಣೆ ಹೆಚ್ಚುತ್ತದೆ. ಇವತ್ತು ನೀವು ಎರಡು ತಿಂಗಳು ಹಾರ್ಮೋನ್ ಬಿಟ್ಟರೆ ನಿಮ್ಮ ವೃಷಣ ಟೆಸ್ಟೋಸ್ಟಿರಾನ್ ತಯಾರಿಸಲು ಶುರುಮಾಡುತ್ತದೆ. ಅದು ನಿಮಗೆ ಬೇಡದ ಹಾರ್ಮೋನಾದರೂ ಮೂಳೆಗೆ ಒಂದು ಆಸರೆ. ತೆಗೆಸಿದ ಮೇಲೆ ಆ ಆಸರೆ ಇಲ್ಲ. ಈಸ್ಟ್ರಡಯಾಲ್ ಬಿಟ್ಟರೆ ದೇಹದಲ್ಲಿ ಯಾವ ಲೈಂಗಿಕ ಹಾರ್ಮೋನೂ ಸಾಕಷ್ಟು ಇರುವುದಿಲ್ಲ. ಮೊದಲು ಮೈ ಬಿಸಿಯಾಗಿ ಬೆವರುವುದು, ನಿದ್ದೆಗೆಡುವುದು, ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕಾಣಿಸಿಕೊಳ್ಳುತ್ತದೆ. ವರ್ಷಗಳು ಉರುಳಿದರೆ ಮೂಳೆ ಟೊಳ್ಳಾಗುತ್ತದೆ, ಅದೂ ಸದ್ದಿಲ್ಲದೆ. ಬಿದ್ದು ಮುರಿದಾಗಲೇ ಗೊತ್ತಾಗುವುದು. ಒಂದು ಮಾತ್ರೆಯನ್ನು ಬಿಡಲು ಹೋಗಿ ಇನ್ನೊಂದನ್ನು ಎಂದೂ ಬಿಡಲಾಗದ ಹಾಗೆ ಮಾಡಿಕೊಳ್ಳುತ್ತಿದ್ದೀರಿ ಎಂಬುದು ಸಹಿ ಹಾಕುವ ಮುಂಚೆ ನಿಮಗೆ ಪೂರ್ತಿ ಮನದಟ್ಟಾಗಿರಬೇಕು. ಕೆಲಸ ಹೋದಾಗ, ಊರು ಬಿಟ್ಟಾಗ, ಔಷಧ ಸಿಗದಾಗ ಈಸ್ಟ್ರಡಯಾಲ್ ಹೇಗೆ ಮುಂದುವರಿಸುತ್ತೀರಿ ಎಂಬುದಕ್ಕೆ ಈಗಲೇ ನಿಮ್ಮ ಬಳಿ ಉತ್ತರವಿರಲಿ. ಐವತ್ತರ ಆಸುಪಾಸಿನಲ್ಲಿ ಪ್ರಮಾಣ ಎಷ್ಟಿರಬೇಕು ಎಂಬ ಚರ್ಚೆ ಬೇರೆ; ಮೂವತ್ತೊಂದರಲ್ಲಿ ಬಿಡುವ ಮಾತೇ ಇಲ್ಲ.

ವೃಷಣ ಹೋದ ಮೇಲೆ ದೇಹ ತಾನೇ ಈಸ್ಟ್ರೋಜನ್ ತಯಾರಿಸುತ್ತದೆ ಎಂದು ನಂಬಿದವರಿದ್ದಾರೆ. ಹಾಗಾಗುವುದಿಲ್ಲ. ದನಿ ಬದಲಾಗದು, ಹರೆಯದಲ್ಲಿ ದಪ್ಪವಾದ ಧ್ವನಿತಂತುಗಳು ಹಾಗೇ ಇರುತ್ತವೆ, ಅದಕ್ಕೆ ಧ್ವನಿ ತರಬೇತಿಯೇ ದಾರಿ. ಗಡ್ಡದ ಬೇರು ಸಾಯದು, ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ ತಪ್ಪಿದ್ದಲ್ಲ. ತಲೆಯ ಮುಂಭಾಗದ ಕೂದಲು ಉದುರುವುದು ನಿಲ್ಲುತ್ತದೆ, ಎಂದೋ ಹೋದದ್ದು ಬಹುಮಟ್ಟಿಗೆ ಮರಳದು. ನಿಮ್ಮ ಟೆಸ್ಟೋಸ್ಟಿರಾನ್ ಇನ್ನೂ 140ರಲ್ಲಿರುವುದರಿಂದ ಮೈಕೂದಲು, ಚರ್ಮದ ಜಿಡ್ಡು ಇನ್ನಷ್ಟು ತಗ್ಗಬಹುದು. ಈಗಾಗಲೇ 20, 30ರಲ್ಲಿರುವವರಿಗೆ ಆಪರೇಷನ್ನಿನಿಂದ ಹೊರಗೆ ಕಾಣುವ ಬದಲಾವಣೆ ಬಹಳ ಕಡಿಮೆ.

ಲೈಂಗಿಕ ಆಸೆ ಪೂರ್ತಿ ಸತ್ತುಹೋಗುತ್ತದೆಯೇ? ಕೆಲವರಿಗೆ ತಗ್ಗುತ್ತದೆ. ಕೆಲವರಿಗೆ ಹಿಂಸೆಯ ಮೂಲ ಹೋದದ್ದರಿಂದ ಹೆಚ್ಚುವುದೂ ಉಂಟು. ನಿಮಿರುವಿಕೆ ಅಪರೂಪವಾಗುತ್ತದೆ, ಎಲ್ಲರಿಗೂ ನಿಲ್ಲುವುದಿಲ್ಲ. ಸ್ಖಲನದ ದ್ರವದಲ್ಲಿ ವೃಷಣದ ಪಾಲು ಅತಿ ಕಡಿಮೆ. ಹೆಚ್ಚಿನದು ವೀರ್ಯಕೋಶ ಮತ್ತು ಪ್ರಾಸ್ಟೇಟ್‌ನಿಂದ ಬರುವುದು. ಹಾಗಾಗಿ ತಿಳಿಯಾದ ಸ್ವಲ್ಪ ದ್ರವ ಆಮೇಲೂ ಬರಬಹುದು. ಅದು ಕಂಡರೆ "ಸರಿಯಾಗಿ ತೆಗೆದಿಲ್ಲ" ಎಂದು ಗಾಬರಿಬೀಳಬೇಡಿ.

ಅಮ್ಮನ ಮಾತಿಗೆ ಬರುತ್ತೇನೆ, ಅದನ್ನು ತಳ್ಳಿಹಾಕಬೇಡಿ. ಕಸುವು ಕಡಿಮೆಯಾಗುತ್ತದೆ ಎಂಬುದರಲ್ಲಿ ಒಂದಂಶ ಸತ್ಯವಿದೆ: ಟೆಸ್ಟೋಸ್ಟಿರಾನ್ ಇಳಿದಂತೆ ಸ್ನಾಯುವಿನ ಗಾತ್ರ ಇಳಿಯುತ್ತದೆ, ಹಿಮೋಗ್ಲೋಬಿನ್ ಗಂಡಸರ ಮಟ್ಟದಿಂದ ಹೆಂಗಸರ ಮಟ್ಟಕ್ಕೆ ಬರುತ್ತದೆ. ನಿಮಗೆ ಇದರಲ್ಲಿ ಬಹುಪಾಲು ಈ ಮೂರು ವರ್ಷದಲ್ಲೇ ಆಗಿದೆ. ಲ್ಯಾಬಿನವರು ನಿಮ್ಮ ವರದಿಯನ್ನು ಗಂಡಸರ ಮಟ್ಟಕ್ಕೆ ಹೋಲಿಸಿ "ರಕ್ತಹೀನತೆ" ಎಂದು ಬರೆದರೆ ಹೆಂಗಸರ ಮಟ್ಟಕ್ಕೆ ಹೋಲಿಸಿ ನೋಡಲು ಹೇಳಿ. ಆಯಸ್ಸಿನ ಭಯಕ್ಕೆ ಮಾತ್ರ ಆಧಾರ ಕಾಣುವುದಿಲ್ಲ. ಕೊರಿಯಾದ ಚೋಸನ್ ಅರಸರ ಕಾಲದಲ್ಲಿ, ಎಳವೆಯಲ್ಲೇ ವೃಷಣ ಕಳೆದುಕೊಂಡಿದ್ದ ಅರಮನೆ ಸೇವಕರ ವಂಶಾವಳಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಆ 81 ಮಂದಿ ಸರಾಸರಿ 70 ವರ್ಷ ಬದುಕಿದ್ದರು, ಅದೇ ಅಂತಸ್ತಿನ ಇತರ ಗಂಡಸರಿಗಿಂತ 14ರಿಂದ 19 ವರ್ಷ ಹೆಚ್ಚು. ಇದನ್ನು ತಂದು ವೃಷಣ ತೆಗೆಸಿದರೆ ಆಯಸ್ಸು ಹೆಚ್ಚುತ್ತದೆ ಎಂದು ನಾನು ಹೇಳುವುದಿಲ್ಲ. ಅವರ ಬದುಕೇ ಬೇರೆ, ನಿಮ್ಮದೇ ಬೇರೆ. ತೆಗೆದ ಮಾತ್ರಕ್ಕೆ ಮನುಷ್ಯ ಸೊರಗಿ ಸಾಯುವುದಿಲ್ಲ ಎಂದು ಅಮ್ಮನಿಗೆ ಹೇಳಲು ಇಷ್ಟು ಸಾಕು. ನಿಮ್ಮ ಆರೋಗ್ಯದ ಬಗ್ಗೆ ಅವರು ನಿಜಕ್ಕೂ ಚಿಂತೆ ಮಾಡಬೇಕಾದದ್ದು ಆ ನಾಲ್ಕೈದು ಸಿಗರೇಟಿನ ಬಗ್ಗೆ. ನುಂಗುವ ಈಸ್ಟ್ರಡಯಾಲ್ ಮೊದಲು ಯಕೃತ್ತಿನ ಮೂಲಕ ಹಾದು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಸಿಗರೇಟ್ ಸೇರಿದರೆ ಅಪಾಯ ಇನ್ನೂ ಹೆಚ್ಚು. ಬಿಡಲಾಗದಿದ್ದರೆ ಕನಿಷ್ಠ ಮಾತ್ರೆಯ ಬದಲು ಚರ್ಮದ ಮೇಲಿನ ಪ್ಯಾಚ್ ಅಥವಾ ಜೆಲ್‌ಗೆ ಹೋಗಿ.

ಮರಳಿ ಬಾರದ್ದು

ಈ ಶಸ್ತ್ರಚಿಕಿತ್ಸೆಯಲ್ಲಿ ಎರಡನೇ ಅವಕಾಶವಿಲ್ಲದ ಒಂದೇ ವಿಷಯವೆಂದರೆ ಸಂತಾನ. "ಸರಿಯಾಗಿ ಯೋಚಿಸಿಲ್ಲ" ಎಂದು ನೀವೇ ಬರೆದಿದ್ದೀರಿ. ಆ ಒಂದು ಸಾಲಿಗಾಗಿಯೇ ನಾನು ಆಪರೇಷನ್ ದಿನಾಂಕವನ್ನು ಮುಂದಕ್ಕೆ ಹಾಕಲು ಹೇಳುತ್ತೇನೆ. ಮಕ್ಕಳು ಬೇಡ ಎಂದರೆ ಬೇಡ, ಅದು ಪೂರ್ಣ ಉತ್ತರ, ಯಾರೂ ಕಾರಣ ಕೇಳಬೇಕಿಲ್ಲ. ಆದರೆ ಯೋಚಿಸಿಲ್ಲ ಎಂಬುದು ಉತ್ತರವಲ್ಲ.

ಮೊದಲ ಹೆಜ್ಜೆ ಬಹಳ ಸರಳ: ಈಗಿರುವ ಸ್ಥಿತಿಯಲ್ಲೇ, ಹಾರ್ಮೋನ್ ಬಿಡದೆ, ಒಂದು ವೀರ್ಯ ಪರೀಕ್ಷೆ. ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇದ್ದು ಮಾದರಿ ಕೊಡಬೇಕು. ಮೂರು ವರ್ಷ ಹಾರ್ಮೋನ್ ತೆಗೆದುಕೊಂಡವರಲ್ಲಿ ಹಲವರಿಗೆ ವೀರ್ಯಾಣು ಸಿಗುವುದಿಲ್ಲ, ಕೆಲವರಿಗೆ ಸಿಗುತ್ತದೆ. ನಿಮ್ಮ ಟೆಸ್ಟೋಸ್ಟಿರಾನ್ ಪೂರ್ತಿ ತಗ್ಗಿಲ್ಲದಿರುವುದರಿಂದ ಪರೀಕ್ಷೆ ವ್ಯರ್ಥ ಎಂದು ಮೊದಲೇ ಕೈಬಿಡಬೇಡಿ. (ಇದೇ ಕಾರಣಕ್ಕೆ, ಹಾರ್ಮೋನ್ ಚಿಕಿತ್ಸೆ ಗರ್ಭನಿರೋಧಕವಲ್ಲ ಎಂಬುದೂ ನೆನಪಿರಲಿ.) ಸಿಕ್ಕರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮುಗಿಸಿ, ಎರಡು ಮೂರು ಮಾದರಿಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ವರ್ಷಗಟ್ಟಲೆ ಇರುತ್ತದೆ.

ಸಿಗದಿದ್ದರೆ ಕಷ್ಟದ ದಾರಿ. ಹಾರ್ಮೋನ್ ನಿಲ್ಲಿಸಿ ಕಾಯಬೇಕು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಅದಕ್ಕೇ ಮೂರರಿಂದ ಆರು ತಿಂಗಳು ಎನ್ನುವುದು. ಆ ತಿಂಗಳುಗಳಲ್ಲಿ ಬೆಳಗಿನ ನಿಮಿರುವಿಕೆ, ಮುಖದ ಜಿಡ್ಡು, ಗಡುಸು ಕೂದಲು ಮರಳುತ್ತವೆ. ನೀವು ಬರೆದಿರುವ ಹಿಂಸೆ ಇರುವವರಿಗೆ ಇದು ನಿಜಕ್ಕೂ ಕಠಿಣ, ಫಲದ ಖಾತ್ರಿಯೂ ಇಲ್ಲ. ಇನ್ನೊಂದು ಸಾಧ್ಯತೆ, ಆಪರೇಷನ್ ದಿನವೇ ತೆಗೆದ ವೃಷಣದ ಅಂಗಾಂಶದಲ್ಲಿ ವೀರ್ಯಾಣು ಹುಡುಕಿಸಿ ಶೈತ್ಯೀಕರಿಸುವುದು. ಅದಕ್ಕೆ ಪ್ರಯೋಗಾಲಯದವರು ಅದೇ ಹೊತ್ತಿಗೆ ಸಿದ್ಧರಿರಬೇಕು. ಬಕೆಟ್ಟಿಗೆ ಬಿದ್ದ ಮೇಲೆ, ಫಾರ್ಮಲಿನ್‌ನಲ್ಲಿ ಮುಳುಗಿದ ಮೇಲೆ ಕೇಳಿ ಪ್ರಯೋಜನವಿಲ್ಲ. ಆದ್ದರಿಂದ ಇದನ್ನು ವಾರಗಳ ಮುಂಚೆ ಬರಹದಲ್ಲಿ ಗೊತ್ತುಮಾಡಿಕೊಳ್ಳಬೇಕು. ಹೀಗೆ ಸಿಕ್ಕ ವೀರ್ಯಾಣುವನ್ನು ಮುಂದೆ ಇಕ್ಸಿ ವಿಧಾನದಲ್ಲಿ, ಅಂದರೆ ಒಂದೊಂದೇ ವೀರ್ಯಾಣುವನ್ನು ಅಂಡಾಣುವಿಗೆ ಚುಚ್ಚಿ, ಬಳಸಬೇಕಾಗುತ್ತದೆ.

ಚರ್ಮದ ಪ್ರಶ್ನೆ

ನಿಮ್ಮ ಎರಡನೇ ಗೆಳತಿಯ ಎಚ್ಚರಿಕೆ ಬುಡವಿಲ್ಲದ್ದಲ್ಲ, ಆದರೆ ಉತ್ಪ್ರೇಕ್ಷೆ. ಸಾಮಾನ್ಯ ವಜೈನೋಪ್ಲಾಸ್ಟಿಯಲ್ಲಿ ಶಿಶ್ನದ ಚರ್ಮವನ್ನು ಒಳಮಗುಚಿ ಯೋನಿಯ ಗೋಡೆ ಮಾಡುತ್ತಾರೆ. ಉದ್ದ ಸಾಲದಿದ್ದರೆ ವೃಷಣಚೀಲದ ಚರ್ಮವನ್ನು ತೆಗೆದು, ಕೂದಲಿನ ಬೇರು ಕೆರೆದು, ಕಸಿಯಾಗಿ ಜೋಡಿಸುತ್ತಾರೆ. ಹೊರತುಟಿಗಳಿಗೂ ಅದೇ ಚೀಲದ ಚರ್ಮ. ವೃಷಣ ಹೋದ ಚೀಲ ತೂಕವಿಲ್ಲದೆ ತಿಂಗಳುಗಳಲ್ಲಿ ಕುಗ್ಗುತ್ತದೆ; ನಿಮಿರುವಿಕೆ ಅಪರೂಪವಾದರೆ ಶಿಶ್ನದ ಚರ್ಮವೂ ಕುಗ್ಗಬಹುದು. ಎಷ್ಟು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ವೃಷಣ ತೆಗೆಸಿದವರಿಗೆ ಆಮೇಲೆ ವಜೈನೋಪ್ಲಾಸ್ಟಿ ಮಾಡುವುದು ಸರ್ವೇಸಾಮಾನ್ಯ. ಚರ್ಮ ಸಾಲದೆ ಬಂದರೂ ದಾರಿ ಮುಚ್ಚುವುದಿಲ್ಲ: ಹೊಟ್ಟೆಯ ಒಳಪದರ, ಬೇರೆಡೆಯ ಚರ್ಮದ ಕಸಿ, ದೊಡ್ಡ ಕರುಳಿನ ತುಂಡು, ಹೀಗೆ ಬದಲಿಗಳಿವೆ. ಆದರೆ ಅವು ದೊಡ್ಡ ಆಪರೇಷನ್ನುಗಳು, ತೊಡಕುಗಳೂ ಹೆಚ್ಚು.

ನಿಮಗೆ ವಜೈನೋಪ್ಲಾಸ್ಟಿ ಒಂದೆರಡು ವರ್ಷದಲ್ಲಿ ಖಚಿತವೆಂದಿದ್ದರೆ ಬೇರೆಯಾಗಿ ವೃಷಣ ತೆಗೆಸುವ ಅಗತ್ಯವೇ ಇಲ್ಲ. ಅದೇ ಆಪರೇಷನ್ನಿನಲ್ಲಿ ತೆಗೆಯುತ್ತಾರೆ, ಒಂದೇ ಅರಿವಳಿಕೆ, ಒಂದೇ ಚೇತರಿಕೆ. ಎಂದೂ ಬೇಡವೆಂದಿದ್ದರೆ ಚರ್ಮದ ಚಿಂತೆಯೇ ಇಲ್ಲ, ಜೋತುಬೀಳುವ ಚೀಲವನ್ನೂ ಬೇಕಾದರೆ ತೆಗೆಸಬಹುದು. ನಿಮ್ಮಂತೆ ನಡುವೆ ನಿಂತವರು ಮಾತ್ರ ಎರಡು ಸಂಗತಿ ಗಟ್ಟಿಮಾಡಿಕೊಳ್ಳಬೇಕು. ಒಂದು, ಚೀಲದ ಚರ್ಮವನ್ನು ಒಂದಿಷ್ಟೂ ಕತ್ತರಿಸಿ ಎಸೆಯಬಾರದು. "ನೀಟಾಗಿ ಕಾಣಲಿ" ಎಂದು ಸರ್ಜನ್ ತಾವಾಗಿ ಮಾಡಿಬಿಡುವುದುಂಟು. ಎರಡು, ಗಾಯದ ಗೆರೆ ಎಲ್ಲಿ ಬರಬೇಕು ಎಂಬುದು. ಚೀಲದ ಮಧ್ಯದಲ್ಲಿ ಹುಟ್ಟಿನಿಂದಲೇ ಇರುವ ಗೆರೆಯ ಮೇಲೆ 3ರಿಂದ 5 ಸೆಂ.ಮೀ. ಸೀಳಿದರೆ ಎರಡೂ ವೃಷಣಗಳನ್ನು ಅದೊಂದರಿಂದಲೇ ತೆಗೆಯಬಹುದು, ಗುರುತೂ ಆ ಗೆರೆಯಲ್ಲೇ ಮರೆಯಾಗುತ್ತದೆ. ತೊಡೆಸಂದಿಯ ಎರಡೂ ಬದಿ ಸೀಳುವ ವಿಧಾನದಲ್ಲಿ ಚೀಲ ಮುಟ್ಟದೆ ಉಳಿಯುತ್ತದೆ, ಆದರೆ ಎರಡು ಗಾಯ, ಹೆಚ್ಚು ನೋವು. ಅಡ್ಡಡ್ಡ ಸೀಳಿದ ಗಾಯ ಮುಂದಿನ ಸರ್ಜನ್‌ಗೆ ತಲೆನೋವು. ಯಾವುದಾದರೂ ಸರಿ, ಆಪರೇಷನ್ ಟಿಪ್ಪಣಿಯ ಪ್ರತಿ ಮತ್ತು ಅಂಗಾಂಶ ಪರೀಕ್ಷೆಯ ವರದಿಯನ್ನು ಕೇಳಿ ಇಟ್ಟುಕೊಳ್ಳಿ. ಐದು ವರ್ಷದ ನಂತರ ಇನ್ನೊಬ್ಬ ಸರ್ಜನ್ ಮೊದಲು ಕೇಳುವುದು ಅದನ್ನೇ. ಎರಡು ಆಪರೇಷನ್ನುಗಳ ನಡುವೆ ಗಾಯ ಮಾಗಿ ಚರ್ಮ ಮೆದುವಾಗಲು ಕೆಲವು ತಿಂಗಳ ಅಂತರ ಬೇಕು.

ಆಪರೇಷನ್ ಮಾಡಿಸದೆ ಇರುವ ದಾರಿಗಳು

ಸ್ಪೈರೋ ಒಂದೇ ನಿಮ್ಮ ತೊಂದರೆಯಾಗಿದ್ದರೆ ಇವನ್ನು ಮೊದಲು ನೋಡಬಹುದು. ನಿಮ್ಮ ಈಸ್ಟ್ರಡಯಾಲ್ ಮಟ್ಟ ಕಡಿಮೆಯಿದ್ದರೆ ಪ್ಯಾಚ್ ಅಥವಾ ಇಂಜೆಕ್ಷನ್‌ಗೆ ಬದಲಿಸಿ ಗುರಿಗೆ ತಂದಾಗ, ಹಲವರಲ್ಲಿ ಟೆಸ್ಟೋಸ್ಟಿರಾನ್ ತಾನಾಗಿಯೇ 50ರ ಒಳಗೆ ಬರುತ್ತದೆ, ತಡೆಮಾತ್ರೆಯೇ ಬೇಕಾಗುವುದಿಲ್ಲ. ಸೈಪ್ರೋಟೆರೋನ್ ಇನ್ನೊಂದು ತಡೆಮಾತ್ರೆ, ಹಿಂದೆ 50, 100 ಮಿ.ಗ್ರಾಂ ಕೊಡುತ್ತಿದ್ದರು, ಈಗ 10ರಿಂದ 12.5 ಮಿ.ಗ್ರಾಂ ಸಾಕೆಂದು ಗೊತ್ತಾಗಿದೆ. ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಮೆದುಳಿನ ಹೊದಿಕೆಯ ಗೆಡ್ಡೆಯಾದ ಮೆನಿಂಜಿಯೋಮ ಹೆಚ್ಚಾಗಿ ಕಂಡದ್ದರಿಂದ 2020ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಅದರ ಬಳಕೆಗೆ ಮಿತಿ ಹಾಕಿದರು. ಮಂಕು ಕವಿಯುವುದೂ ಇದರಲ್ಲಿ ಹೆಚ್ಚು. ಬೈಕಲುಟಮೈಡ್ ಎಂಬ ಮತ್ತೊಂದು ತಡೆಮಾತ್ರೆ ಅಪರೂಪಕ್ಕೆ ಯಕೃತ್ತನ್ನು ತೀವ್ರವಾಗಿ ಕೆಡಿಸುತ್ತದೆ, ಯಕೃತ್ತಿನ ಪರೀಕ್ಷೆ ಇಲ್ಲದೆ ಮುಟ್ಟಲೇಬಾರದು.

ನಿಮ್ಮಂಥವರಿಗೆ ನಾನು ಹೆಚ್ಚು ಒತ್ತಿ ಹೇಳುವುದು ಲ್ಯೂಪ್ರೊಲೈಡ್‌ನಂಥ ಇಂಜೆಕ್ಷನ್ ಬಗ್ಗೆ. ತಿಂಗಳಿಗೆ 3.75 ಮಿ.ಗ್ರಾಂ ಅಥವಾ ಮೂರು ತಿಂಗಳಿಗೆ 11.25 ಮಿ.ಗ್ರಾಂ. ಇದು ಮೆದುಳಿನಿಂದ ವೃಷಣಕ್ಕೆ ಹೋಗುವ ಆಜ್ಞೆಯನ್ನೇ ನಿಲ್ಲಿಸಿ, ಟೆಸ್ಟೋಸ್ಟಿರಾನ್ ಅನ್ನು ಆಪರೇಷನ್ ಆದವರ ಮಟ್ಟಕ್ಕೇ ಇಳಿಸುತ್ತದೆ. ದುಬಾರಿ, ನಿಜ, ಜೀವನಪರ್ಯಂತ ನಡೆಸುವುದು ಕಷ್ಟ. ಆದರೆ ಮೂರು ತಿಂಗಳ ಪರೀಕ್ಷೆಯಾಗಿ ಇದಕ್ಕೆ ಸಮನಾದದ್ದಿಲ್ಲ: ವೃಷಣವಿಲ್ಲದ ದೇಹದಲ್ಲಿ ನಿಮ್ಮ ಹುಮ್ಮಸ್ಸು, ಆಸೆ, ನಿದ್ದೆ ಹೇಗಿರುತ್ತವೆ ಎಂದು ಕತ್ತರಿ ಮುಟ್ಟುವ ಮುಂಚೆಯೇ ಅನುಭವಕ್ಕೆ ಬರುತ್ತದೆ. ಮೊದಲ ಇಂಜೆಕ್ಷನ್ ಆದ ಒಂದೆರಡು ವಾರ ಟೆಸ್ಟೋಸ್ಟಿರಾನ್ ಇಳಿಯುವ ಬದಲು ಏರುತ್ತದೆ. ಆ ಹೊತ್ತಿಗೆ ತಡೆಮಾತ್ರೆಯನ್ನು ಜೊತೆಗೆ ಮುಂದುವರಿಸಬೇಕು, ಇದನ್ನು ಹೇಳದೆ ಚುಚ್ಚಿದರೆ ಔಷಧ ತಿರುಗುಬಾಣವಾಯಿತೆಂದು ಜನ ಹೆದರುತ್ತಾರೆ.

ತೆಗೆಸುವುದೇ ಎಂದಾದರೆ

ಟ್ರಾನ್ಸ್ ಜನರ ಆರೋಗ್ಯಕ್ಕಾಗಿ ಕೆಲಸ ಮಾಡುವ ಡಬ್ಲ್ಯುಪಾತ್ ಎಂಬ ಅಂತರರಾಷ್ಟ್ರೀಯ ವೃತ್ತಿಪರರ ಸಂಘಟನೆ 2022ರಲ್ಲಿ ಹೊರತಂದ ಎಂಟನೇ ಮಾರ್ಗಸೂಚಿಯಲ್ಲಿ, ಹಾರ್ಮೋನ್ ಬೇಕೆನ್ನುವವರಿಗೆ ಕನಿಷ್ಠ ಆರು ತಿಂಗಳ ಸ್ಥಿರ ಚಿಕಿತ್ಸೆ ಮತ್ತು ಅರ್ಹರೊಬ್ಬರ ಮೌಲ್ಯಮಾಪನ ಸಾಕೆಂದಿದೆ. ಹಿಂದಿನ ಆವೃತ್ತಿ 12 ತಿಂಗಳು, ಎರಡು ಪತ್ರ ಕೇಳುತ್ತಿತ್ತು. ಮೂರು ವರ್ಷದ ಚಿಕಿತ್ಸೆ ನಿಮ್ಮದಾಗಿರುವುದರಿಂದ ಇಲ್ಲಿ ತಡೆಯಿಲ್ಲ.

ಆಪರೇಷನ್ ಅರ್ಧ ಗಂಟೆಯಿಂದ ಒಂದು ಗಂಟೆ. ಪೂರ್ಣ ಅರಿವಳಿಕೆ, ಬೆನ್ನಿಗೆ ಚುಚ್ಚುವ ಸ್ಪೈನಲ್, ಅಥವಾ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಂಪರು ಕೊಡುವ ವಿಧಾನ, ಮೂರೂ ನಡೆಯುತ್ತವೆ. ಬಹುತೇಕರು ಅದೇ ದಿನ ಮನೆಗೆ ಹೋಗುತ್ತಾರೆ. ಇಡೀ ಆಪರೇಷನ್ನಿನಲ್ಲಿ ಕೈಚಳಕ ಬೇಕಾದದ್ದು ಒಂದೇ ಕಡೆ: ವೃಷಣ ತೂಗುವ ಹಗ್ಗದಂಥ ಕಟ್ಟು. ವೃಷಣಕ್ಕೆ ರಕ್ತ ತರುವ ಅಪಧಮನಿ, ಸಿರೆಗಳ ಜಾಲ, ವೀರ್ಯನಾಳ, ನರಗಳು ಎಲ್ಲವೂ ಅದರೊಳಗಿವೆ. ಆ ಅಪಧಮನಿ ಹೊರಡುವುದು ಹೊಟ್ಟೆಯ ಮಹಾಪಧಮನಿಯಿಂದಲೇ. ಸರಿಯಾಗಿ ಕಟ್ಟದೆ ಕತ್ತರಿಸಿದರೆ ತುದಿ ಜಾರಿ ತೊಡೆಸಂದಿಯ ಒಳಕ್ಕೆ ಸೇರಿಕೊಳ್ಳುತ್ತದೆ, ರಕ್ತ ಒಳಗೇ ಸುರಿಯುತ್ತದೆ, ಹೊರಗಿನಿಂದ ಒತ್ತಿ ನಿಲ್ಲಿಸಲಾಗದು. ಅದಕ್ಕೇ ಸರ್ಜನ್ ದಾರವನ್ನು ಕಟ್ಟಿನ ಮೂಲಕವೇ ಚುಚ್ಚಿ, ಎರಡು ಕಡೆ ಗಂಟು ಹಾಕುತ್ತಾರೆ. ಆಪರೇಷನ್ ಥಿಯೇಟರ್ ಇಲ್ಲದ ಜಾಗದಲ್ಲಿ, ಅರ್ಹತೆ ಇಲ್ಲದವರ ಕೈಯಲ್ಲಿ, ಅಥವಾ ಸ್ವತಃ ಮಾಡಿಕೊಳ್ಳಲು ಹೋಗಿ ಜೀವ ಕಳೆದುಕೊಳ್ಳುವುದು ಹೀಗೆಯೇ. ಹಿಂಸೆ ತಡೆಯಲಾಗದೆ ಅಂಥ ಯೋಚನೆ ಬಂದರೆ ದಯವಿಟ್ಟು ಆ ದಿನವೇ ನಿಮ್ಮ ವೈದ್ಯರಿಗೆ ಹೇಳಿ. ಇಂಜೆಕ್ಷನ್ ಬೇಗ ಶುರುಮಾಡಬಹುದು, ಆಪರೇಷನ್ ದಿನಾಂಕವನ್ನು ಹಿಂದಕ್ಕೆ ತರಬಹುದು, ಹೇಳಿದರೆ ದಾರಿಯಿದೆ.

ಕಟ್ಟನ್ನು ಎಷ್ಟು ಮೇಲೆ ಕತ್ತರಿಸಬೇಕು ಎಂದೂ ಕೇಳಿ. ಕೆಳಗೇ ಕತ್ತರಿಸಿದರೆ ಮೊಂಡುತುದಿ ಚೀಲದಲ್ಲಿ ಗಂಟಿನಂತೆ ಉಳಿದು ಕೂತಾಗಲೆಲ್ಲ ನೋಯುತ್ತದೆ. ಹೊದಿಕೆ ಬಿಟ್ಟು ತಿರುಳನ್ನಷ್ಟೇ ತೆಗೆಯುವ ಹಳೆಯ ವಿಧಾನವೂ ಒಂದಿದೆ, ಅದು ನಿಮಗೆ ಹೊಂದುವುದಿಲ್ಲ.

ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮುಂಚೆ ಬಿಡಿ, ಗಾಯ ಮಾಗುವುದಕ್ಕೂ ಅದು ಶತ್ರು. ಆಸ್ಪಿರಿನ್‌ನಂಥ ರಕ್ತ ತೆಳುಮಾಡುವ ಔಷಧಗಳಿದ್ದರೆ ಯಾವಾಗ ನಿಲ್ಲಿಸಬೇಕೆಂದು ಕೇಳಿ. ಆ ದಿನ ಬೆಳಗ್ಗೆ ಸ್ಪೈರೋ ನುಂಗಬೇಕೇ ಎಂದು ಅರಿವಳಿಕೆ ವೈದ್ಯರನ್ನು ಕೇಳಿ, ರಕ್ತದೊತ್ತಡ ಕುಸಿಯುವ ಅಪಾಯಕ್ಕೆ ಬೇಡ ಎನ್ನುವವರೇ ಹೆಚ್ಚು. ಈಸ್ಟ್ರಡಯಾಲ್ ನಿಲ್ಲಿಸಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ಇಷ್ಟು ಚಿಕ್ಕ ಆಪರೇಷನ್ನಿಗೆ, ಅದೇ ದಿನ ಎದ್ದು ಓಡಾಡುವವರಿಗೆ, ನಿಲ್ಲಿಸದಿರುವುದೇ ಸರಿಯೆಂಬುದು ನನ್ನ ನಿಲುವು. ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ ಮಾತು ಬೇರೆ. ಮನೆಯಲ್ಲಿ ರೇಜರ್ ಹಿಡಿದು ಕೂದಲು ತೆಗೆಯಬೇಡಿ, ಕಣ್ಣಿಗೆ ಕಾಣದ ಗೀರುಗಳಿಂದಲೇ ಸೋಂಕು ಒಳಹೋಗುವುದು.

ಆಮೇಲಿನ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕ್ ಅನ್ನು 15–20 ನಿಮಿಷದಂತೆ ಆಗಾಗ ಇಡಿ. ಬಿಗಿಯಾದ ಒಳಉಡುಪು ಹಗಲು ರಾತ್ರಿ ಇರಲಿ. ಎರಡು ವಾರ 5 ಕಿಲೋಗಿಂತ ಭಾರ ಎತ್ತಬೇಡಿ. ಕೂತು ಮಾಡುವ ಕೆಲಸಕ್ಕೆ ಒಂದು ವಾರ, ಮೈ ಬಗ್ಗಿಸುವ ಕೆಲಸಕ್ಕೆ, ಲೈಂಗಿಕ ಸಂಪರ್ಕಕ್ಕೆ ಮೂರು ನಾಲ್ಕು ವಾರ ಬಿಡುವು. ಹೊಲಿಗೆ ತಾನೇ ಕರಗುತ್ತದೆ. ಚೀಲ ಕಪ್ಪು ನೀಲಿಯಾಗಿ ಬಣ್ಣ ತಿರುಗುವುದು ಸಹಜ, ಅದು ಶಿಶ್ನಕ್ಕೂ ತೊಡೆಗೂ ಇಳಿಯಬಹುದು. ಸಹಜವಲ್ಲದ್ದು ಗಂಟೆಗಳಲ್ಲೇ ಬಿಗಿದು ಊದುವುದು. ಒಳಗೆ ರಕ್ತ ತುಂಬುವ ಹಿಮಟೋಮ ಈ ಆಪರೇಷನ್ನಿನಲ್ಲಿ ಹೆಚ್ಚಾಗಿ ಕಾಣುವ ತೊಡಕು, ದೊಡ್ಡದಾದರೆ ಮತ್ತೆ ತೆರೆದು ಖಾಲಿ ಮಾಡಬೇಕಾಗುತ್ತದೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಕೀವು ಬಂದರೆ, ಮೂತ್ರ ಕಟ್ಟಿದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ.

ಸ್ಪೈರೋ ಆಪರೇಷನ್ ನಂತರ ಒಮ್ಮೆಲೇ ಬಿಡಬಹುದು. ಒಂದೆರಡು ವಾರ ಮುಖ, ಕಾಲು ಸ್ವಲ್ಪ ಊದಿದಂತೆ ಅನ್ನಿಸಬಹುದು, ನೀರು ಹೊರಹಾಕುವ ಮಾತ್ರೆ ನಿಂತದ್ದರ ಪರಿಣಾಮ ಅದು. (ಹೆಚ್ಚು ಪ್ರಮಾಣದ ಸೈಪ್ರೋಟೆರೋನ್ ಆದರೆ ಹೀಗೆ ಥಟ್ಟನೆ ಬಿಡಬಾರದು, ಅಡ್ರಿನಲ್ ಗ್ರಂಥಿ ನಿದ್ದೆಯಿಂದ ಏಳಲು ಸಮಯ ಬೇಕು.) ಆರರಿಂದ ಎಂಟು ವಾರದಲ್ಲಿ ಈಸ್ಟ್ರಡಯಾಲ್, ಟೆಸ್ಟೋಸ್ಟಿರಾನ್ ಜೊತೆಗೆ ಮೆದುಳಿನ ಆಜ್ಞೆಯನ್ನು ವೃಷಣಕ್ಕೆ ಒಯ್ಯುವ ಹಾರ್ಮೋನಾದ ಎಲ್‌ಎಚ್ ಕೂಡ ನೋಡಿಸಿ. ಎಲ್‌ಎಚ್ ಬಹಳ ಏರಿದ್ದರೆ ನಿಮ್ಮ ದೇಹಕ್ಕೆ ಈಸ್ಟ್ರಡಯಾಲ್ ಸಾಲುತ್ತಿಲ್ಲ ಎಂದೇ ಅರ್ಥ, ಮೂಳೆಯ ಬಗ್ಗೆ ಅದು ಮೊದಲು ಕೊಡುವ ಸುಳಿವು. ಈಸ್ಟ್ರಡಯಾಲ್ ಬಿಟ್ಟುಬಿಟ್ಟು ತೆಗೆದುಕೊಳ್ಳುವವರು ವಯಸ್ಸು ಕಾಯದೆ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕು. ಪ್ರಾಸ್ಟೇಟ್ ಗ್ರಂಥಿ ಎಲ್ಲಿಗೂ ಹೋಗಿರುವುದಿಲ್ಲ; ಮುಂದೆ ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿಗಾಗಿ ಮಾಡುವ ಪಿಎಸ್‌ಎ ರಕ್ತ ಪರೀಕ್ಷೆ ಮಾಡಿಸಿದರೆ 4ರ ಒಳಗಿದೆ, ಸರಿಯಿದೆ ಎಂಬ ಗಂಡಸರ ಲೆಕ್ಕ ನಿಮಗೆ ಸಲ್ಲದು, ನಿಮ್ಮಲ್ಲಿ ಅದು ಬಹಳ ಕೆಳಗಿರಬೇಕು.

ಹಾಗಾದರೆ ತೆಗೆಸಲೇ ಎಂದು ಕೇಳಿದ್ದೀರಿ. ಆ ಭಾಗ ಇರುವುದೇ ಹಿಂಸೆ ಎಂಬುದು ಸ್ಪೈರೋದ ಕಾಟ ಹೋದ ಮೇಲೂ ಹಾಗೇ ಉಳಿದರೆ ತೆಗೆಸುವುದು ನಿಮಗೆ ಒಳ್ಳೆಯ ಚಿಕಿತ್ಸೆ, ಅದಕ್ಕೆ ಸಂಕೋಚಪಡಬೇಡಿ. ಪತ್ರ ಓದಿದರೆ ಆ ಕಡೆಗೇ ನಿಮ್ಮ ಮನಸ್ಸಿದ್ದಂತೆ ನನಗೆ ಕಾಣುತ್ತದೆ. ಕ್ರಮ ಮಾತ್ರ ಹೀಗಿರಲಿ: ಈ ವಾರ ಪೊಟ್ಯಾಸಿಯಂ ಮತ್ತು ಈಸ್ಟ್ರಡಯಾಲ್ ಪರೀಕ್ಷೆ. ಅದರ ಬೆನ್ನಿಗೆ, ಯಾವ ಹೊಸ ಔಷಧವನ್ನೂ ಶುರುಮಾಡುವ ಮುಂಚೆ, ವೀರ್ಯ ಪರೀಕ್ಷೆ. ಲ್ಯೂಪ್ರೊಲೈಡ್ ಚುಚ್ಚಿದರೆ ಈಗ ಇದ್ದರೂ ಇರಬಹುದಾದ ಅಲ್ಪಸ್ವಲ್ಪ ವೀರ್ಯಾಣುವೂ ನಿಲ್ಲುತ್ತದೆ. ಆಮೇಲೆ ಮೂರು ತಿಂಗಳ ಇಂಜೆಕ್ಷನ್. ಆ ತಿಂಗಳುಗಳಲ್ಲೇ ವಜೈನೋಪ್ಲಾಸ್ಟಿ ಮಾಡುವ ಸರ್ಜನ್ ಒಬ್ಬರನ್ನು ಕಂಡು, ಆಪರೇಷನ್ ಅವರಿಂದ ಮಾಡಿಸಿಕೊಳ್ಳದಿದ್ದರೂ ಪರವಾಗಿಲ್ಲ, ಗಾಯದ ಗೆರೆ ಎಲ್ಲಿ ಬರಬೇಕೆಂದು ಅವರಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.